ಅಂಗಡಿಯ ಹೆಸರು, ಶಾಸ್ತ್ರದ ಹೆಸರು

ಶಿವಮೊಗ್ಗೆಯ ಗಾಂಧಿ ಬಜಾರಿನಂಥ ಪೇಟೆಬೀದಿಯಲ್ಲಿ ಗ್ರಂಧಿಗೆ ಅಂಗಡಿಯೊಂದರ ಮುಂದೆ ನಿಂತರೆ ಉಪ್ಪು, ನವಸಾಗರ, ಮೈಲುತುತ್ತ, ಅನ್ನಭೇದಿ, ಸುಣ್ಣ ಎಂಬ ಹೆಸರುಗಳು ಕಿವಿಗೆ ಬೀಳುತ್ತವೆ. ಅಡಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣವನ್ನು ಕಲಸುವ ಮಲೆನಾಡಿನ ರೈತನಿಗೆ ಮೈಲುತುತ್ತ, ಸುಣ್ಣ ಎಂದರೆ ಸಾಕು, ಸಂದೇಹಕ್ಕೆ ಎಡೆಯಿಲ್ಲ. ಆದರೆ ಆ ವಸ್ತುಗಳೊಳಗೆ ಏನಿದೆಯೆಂಬುದನ್ನು ಈ ಹೆಸರುಗಳು ತಿಳಿಸಲಾರವು. ವಸ್ತುವಿನ ಹೆಸರು ಅದರ ಘಟಕಗಳನ್ನೇ ಸೂಚಿಸಬೇಕೆಂಬ ಪದ್ಧತಿಯನ್ನು 1787ರಲ್ಲಿ ಫ್ರಾನ್ಸಿನ ಲವಾಸಿಯೆ ಮತ್ತು ಅವನ ಸಂಗಡಿಗರು ಪ್ರಕಟಿಸಿದರು. ಇಂದಿನ ನಾಮಕರಣಕ್ಕೆ ಅದೇ ತಳಹದಿ.

ಧನ ವಿದ್ಯುದಂಶವುಳ್ಳ ಅಯಾನುಗಳೂ ಋಣ ವಿದ್ಯುದಂಶವುಳ್ಳ ಅಯಾನುಗಳೂ ಕೂಡಿ ಆದುದೇ ಅಯಾನಿಕ ಸಂಯುಕ್ತ. ಹೆಸರಿಡುವಾಗ ಧನ ಅಯಾನನ್ನು ಮೊದಲು, ಋಣ ಅಯಾನನ್ನು ಅನಂತರ ಹೇಳಬೇಕು. ಅಡುಗೆಯ ಉಪ್ಪು ಸೋಡಿಯಂ ಕ್ಲೋರೈಡ್. ನವಸಾಗರವು ಅಮೋನಿಯಂ ಕ್ಲೋರೈಡ್. ನೀರು ಹಾಕಿ ಅರಳಿಸಿದ ಸುಣ್ಣವು ಕ್ಯಾಲ್ಸಿಯಂ ಹೈಡ್ರಾಕ್ಸೈಡ್.

ಇಲ್ಲಿ ಅಯಾನುಗಳ ಸಂಖ್ಯೆಯನ್ನು ಹೇಳಬೇಕಾಗಿಲ್ಲ. ಕ್ಯಾಲ್ಸಿಯಂ ಅಯಾನಿನ ಧನಾಂಶ ಎರಡು, ಕ್ಲೋರೈಡಿನ ಋಣಾಂಶ ಒಂದು. ಇವೆರಡೂ ಸರಿದೂಗಬೇಕಾದರೆ ಒಂದು ಕ್ಯಾಲ್ಸಿಯಮ್ಮಿಗೆ ಎರಡು ಕ್ಲೋರೈಡುಗಳು ಬೇಕು. ಆದುದರಿಂದ ‘ಕ್ಯಾಲ್ಸಿಯಂ ಕ್ಲೋರೈಡ್’ ಎಂದರೆ ಸಾಕು. ‘ಡೈಕ್ಲೋರೈಡ್’ ಎನ್ನುವುದು ಅನಾವಶ್ಯಕ.

ಹೆಸರಿನ ಕೊನೆಯ ಅಕ್ಷರಗಳನ್ನು ಮಾತ್ರ ಎಚ್ಚರದಿಂದ ಗಮನಿಸಬೇಕು. ಗಂಧಕವೊಂದೇ ಇದ್ದರೆ ಸಲ್ಫೈಡ್, ಅದರೊಡನೆ ಮೂರು ಆಮ್ಲಜನಕ ಪರಮಾಣುಗಳಿದ್ದರೆ ಸಲ್ಫೈಟ್, ನಾಲ್ಕಿದ್ದರೆ ಸಲ್ಫೇಟ್. ಈ ಭೇದವು ಪರೀಕ್ಷೆಯ ಅಂಕಗಳಿಗಷ್ಟೇ ಸಂಬಂಧಿಸಿದುದಲ್ಲ. ಹೊಟ್ಟೆಯ ಎಕ್ಸ್-ರೇ ಚಿತ್ರವನ್ನು ತೆಗೆಯುವ ಮುನ್ನ ರೋಗಿಗೆ ಬೇರಿಯಂ ಸಲ್ಫೇಟನ್ನು ಕುಡಿಸುವುದುಂಟು. ಅದು ನೀರಿನಲ್ಲಾಗಲಿ ಜಠರದ ಆಮ್ಲದಲ್ಲಾಗಲಿ ಕರಗುವುದಿಲ್ಲವಾದ್ದರಿಂದ ನಿರಪಾಯಕರ. ಬೇರಿಯಂ ಸಲ್ಫೈಡಾದರೋ ಕರಗಿ ವಿಷವಾಗುತ್ತದೆ. ಒಂದಕ್ಷರ ತಪ್ಪಿದರೆ ಪ್ರಾಣಕ್ಕೇ ಸಂಚಕಾರ!

ಕೆಲವು ಲೋಹಗಳು ಒಂದಕ್ಕಿಂತ ಹೆಚ್ಚು ಬಗೆಯ ಅಯಾನುಗಳನ್ನು ಕೊಡುತ್ತವೆ. ಕಬ್ಬಿಣವು ಅಂಥದು. 1923ರಲ್ಲಿ ಉತ್ಪಾದನೆಗೆ ತೊಡಗಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಬಂದುದು ಕೆಮ್ಮಣ್ಣುಗುಂಡಿಯಿಂದ. ಮಣ್ಣಿನ ಬಣ್ಣವನ್ನು ನೋಡಿ ಜನರು ಆ ಸ್ಥಳಕ್ಕೆ ಹೆಸರಿಟ್ಟರು. ಆ ಕೆಂಪಿಗೆ ಕಾರಣವಾದ ಆಕ್ಸೈಡಿನಲ್ಲಿ ಎರಡು ಕಬ್ಬಿಣಕ್ಕೆ ಮೂರು ಆಮ್ಲಜನಕ. ಪ್ರತಿಯೊಂದು ಆಮ್ಲಜನಕದ ಋಣಾಂಶ ಎರಡು, ಒಟ್ಟು ಆರು. ಅದನ್ನು ಸರಿದೂಗಿಸಲು ಪ್ರತಿಯೊಂದು ಕಬ್ಬಿಣದ ಧನಾಂಶವೂ ಮೂರಾಗಿರಬೇಕು. ಒಂದು ಕಬ್ಬಿಣಕ್ಕೆ ಒಂದು ಆಮ್ಲಜನಕವುಳ್ಳ ಕಪ್ಪು ಆಕ್ಸೈಡ್ ಬೇರೆ ಇರುವುದರಿಂದ ಬರಿಯ ‘ಐರನ್ ಆಕ್ಸೈಡ್’ ಎಂದರೆ ಯಾವುದೆಂದು ತಿಳಿಯದು. ಇಂಥ ಕಡೆ ಲೋಹದ ಹೆಸರಿನ ಮುಂದೆ ಆವರಣದೊಳಗೆ ರೋಮನ್ ಅಂಕಿಯಿಂದ ಧನಾಂಶವನ್ನು ಸೂಚಿಸುವ ಕ್ರಮವನ್ನು 1919ರಲ್ಲಿ ಜರ್ಮನಿಯ ಆಲ್‌ಫ್ರೆಡ್ ಸ್ಟಾಕ್ ಸೂಚಿಸಿದನು. ಕೆಂಪು ಆಕ್ಸೈಡನ್ನು ‘ಐರನ್ (ಮೂರು) ಆಕ್ಸೈಡ್’ ಎಂದೂ ಕಪ್ಪು ಆಕ್ಸೈಡನ್ನು ‘ಐರನ್ (ಎರಡು) ಆಕ್ಸೈಡ್’ ಎಂದೂ ಓದಬೇಕು. ಹಳೆಯ ಪುಸ್ತಕಗಳ ‘ಫೆರಿಕ್’, ‘ಫೆರಸ್’ ಎಂಬ ಹೆಸರುಗಳು ಇವೇ.

ಈಗ ಅಂಗಡಿಯ ಅನ್ನಭೇದಿಗೆ ಹಿಂದಿರುಗೋಣ. ಅದು ಹಸುರು ಬಣ್ಣದ ಐರನ್ (ಎರಡು) ಸಲ್ಫೇಟ್. ತೇವಗಾಳಿಗೆ ಬಹುಕಾಲ ತೆರೆದಿಟ್ಟರೆ ಹರಳುಗಳ ಮೇಲ್ಮೈ ಕಂದುಹಳದಿಯಾಗುತ್ತದೆ. ಅಲ್ಲಿ ಕಬ್ಬಿಣದ ಧನಾಂಶವು ಎರಡರಿಂದ ಮೂರಕ್ಕೆ ಏರಿದೆ. ಡಬ್ಬಿಯ ಮೇಲಿನ ಹೆಸರು ಅನ್ನಭೇದಿಯೇ. ಒಳಗಿನ ವಸ್ತುವೋ ಮೊದಲಿನದಲ್ಲ. ಈ ಬದಲಾವಣೆ ಅಂಗಡಿಯ ಹೆಸರಿಗೆ ತಿಳಿಯದು, ಶಾಸ್ತ್ರದ ಹೆಸರು ಅದನ್ನು ಮರೆಮಾಚದು. ರಕ್ತಹೀನತೆಗೆ ಔಷಧವಾಗಿ ಕೊಡುವ ಶುದ್ಧ ಲವಣದಲ್ಲಿಯೂ ಈ ಅಂಕಿ ಮುಖ್ಯ; ‘ಎರಡರ’ ಕಬ್ಬಿಣವನ್ನು ನಮ್ಮ ಕರುಳು ‘ಮೂರರ’ದಕ್ಕಿಂತ ಸುಲಭವಾಗಿ ಹೀರಿಕೊಳ್ಳುತ್ತದೆ.

ವಿದ್ಯಾರ್ಥಿಗಳು ಒಂದು ಲೆಕ್ಕವನ್ನು ತಾವೇ ಮಾಡಿ ನೋಡಲಿ. ಪ್ರಯೋಗಶಾಲೆಯ ಕುಪ್ಪಿಯೊಂದರ ಮೇಲೆ ‘ಕಾಪರ್ (ಒಂದು) ಆಕ್ಸೈಡ್’ ಎಂದು ಬರೆದಿದೆ. ಒಂದು ಆಮ್ಲಜನಕಕ್ಕೆ ತಾಮ್ರ ಎಷ್ಟು? ಎರಡು ಎಂಬ ಉತ್ತರ ಬಂದರೆ ಪಾಠವು ಮನಸ್ಸಿಗೆ ಹತ್ತಿದೆಯೆಂದೇ ತಿಳಿಯಬಹುದು.