ಅರ್ಧ ಕೊಡ ನೀರು, ಒಂದು ಬುಟ್ಟಿ ಎರಿ ಮಣ್ಣು

ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಅಂಗನವಾಡಿಯೊಂದರಲ್ಲಿ 22 ವರ್ಷ ಕಳೆದಿದ್ದೇನೆ. ಮೊದಲ ವರ್ಷ ನನ್ನ ಕೇಂದ್ರದ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಮಕ್ಕಳಿಗೆ ಮಾತ್ರ ಲೋಟ ನೆಟ್ಟಗೆ ಹಿಡಿಯಲೂ ಬರುತ್ತಿರಲಿಲ್ಲ. ಎರಡಕ್ಕೂ ನಂಟಿದೆ ಎಂದು ಹೊಳೆಯಲು ಬಹಳ ದಿನ ಹಿಡಿಯಿತು.

1. ನೀರು ಮೊದಲು ಅಳೆದಿಡಿ, ಆಮೇಲೆ ಸುಮ್ಮನಿರಿ.

ಶಿಕ್ಷಣತಜ್ಞೆ ಮಾಂಟೆಸ್ಸೊರಿ 1907ರಲ್ಲಿ ರೋಮಿನಲ್ಲಿ ಮಕ್ಕಳ ಮನೆ ತೆರೆದರು. ಅವರ ಪದ್ಧತಿಯಲ್ಲಿ ನೀರು ಸುರಿಯುವುದೂ ಒಂದು ಪಾಠ. ನಮ್ಮ ನಳದ ಚಿಂತೆ ಆ ತಾಯಿಗೆ ಇರಲಿಲ್ಲ ಬಿಡಿ. ತುಂಗಭದ್ರೆ ಜಿಲ್ಲೆಯ ಅಂಚಿನಲ್ಲೇ ಹರಿದರೂ ಗದಗ-ಬೆಟಗೇರಿಯವರು ದಿನಗಟ್ಟಲೆ ಕಾದು ಬ್ಯಾರಲ್ ತುಂಬಿಕೊಳ್ಳುತ್ತಾರೆ. ಅಂಥ ಮನೆಯಾಕೆಗೆ ‘ಚೆಲ್ಲಲಿ ಬಿಡ್ರಿ’ ಎಂದರೆ ಸಿಟ್ಟು ಬರದೆ ಇರುತ್ತದೆಯೇ?

ಅದಕ್ಕೇ ದಿನಕ್ಕೆ ಅರ್ಧ ಕೊಡ. ದೊಡ್ಡ ಪರಾತದೊಳಗೆ ಲೋಟ ಇಟ್ಟು ತಂಬಿಗೆ ಕೈಗೆ ಕೊಡುತ್ತೇನೆ. ಮೂರು ವರ್ಷದ ಕೂಸು ತಂಬಿಗೆಯನ್ನೇ ನೋಡುತ್ತ ಸುರಿಯುತ್ತದೆ, ಲೋಟ ತುಂಬಿ ಹರಿದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಕಣ್ಣು ಲೋಟಕ್ಕೆ ಇಳಿದ ದಿನ ಕೈಯೂ ತಾನಾಗಿ ನಿಲ್ಲುತ್ತದೆ. ಪರಾತದ ನೀರು ಕರಿಬೇವಿನ ಗಿಡಕ್ಕೆ. ಕೊಡ ಬರಿದಾದರೆ ಆಟ ಮುಗಿಯಿತು, ಯಾರೂ ಗದರಿಸಬೇಕಿಲ್ಲ.

2. ಎತ್ತು ಕೊಂಡು ತರಬೇಡಿ.

ಒಂದು ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಸಂತೆಯಿಂದ ಬಣ್ಣದ ಎತ್ತು ತಂದೆ. ಕೋಣೆ ರಾಡಿಯಾಗಬಾರದು ಎಂಬುದೊಂದೇ ಕಾರಣ. ಮಕ್ಕಳು ಸ್ವಲ್ಪ ಹೊತ್ತು ನೋಡಿ ಅಂಗಳಕ್ಕೆ ಓಡಿದರು.

ಮರುವರ್ಷ ಹೊಲದಿಂದ ಒಂದು ಬುಟ್ಟಿ ಎರಿ ಮಣ್ಣು ತರಿಸಿದೆ. ಶಿರಹಟ್ಟಿ ಕಡೆಯ, ಕಪ್ಪತಗುಡ್ಡದ ಬುಡದ ಮಸಾರಿ ಮಣ್ಣು ಇದಕ್ಕೆ ಒದಗದು, ಉದುರುತ್ತದೆ. ಎರಿ ಮಣ್ಣು ಹೇಳಿದಂತೆ ಕೇಳುತ್ತದೆ. ಆದರೆ ಉಗುರು, ಗೋಡೆ, ತಲೆಗೂದಲು ಯಾವುದನ್ನೂ ಬಿಡುವುದಿಲ್ಲ, ಒಣಗುವಾಗ ಕುಗ್ಗಿ ಬಿರಿಯುತ್ತದೆ. ಬಿಸಿಲಿಗಿಟ್ಟ ಎತ್ತುಗಳು ಮಧ್ಯಾಹ್ನದೊಳಗೆ ಸೀಳಿದವು, ನೆರಳಲ್ಲಿದ್ದವು ಉಳಿದವು. ಇದನ್ನು ಕಂಡುಹಿಡಿದದ್ದು ಮಕ್ಕಳು, ನಾನಲ್ಲ.

ಒಬ್ಬನ ಎತ್ತಿಗೆ ಮೂರೇ ಕಾಲು. ತಿದ್ದಲು ಕೈ ಚಾಚಿದವಳು ಹಿಂದೆಗೆದೆ. ಹಬ್ಬ ಮುಗಿದ ಮೇಲೆ ಕುಂಟೆತ್ತು ಹಿಡಿದು ಮನೆಮನೆಗೆ ಕಾಳು ಕೇಳುವುದು ನಮ್ಮ ಕಡೆಯ ಪದ್ಧತಿ. ಉಳಿದವರು ತಮ್ಮ ಎತ್ತಿನ ಕಾಲು ಮುರಿಯಲು ಹಿಂದೆಮುಂದೆ ನೋಡುತ್ತಿದ್ದಾಗ ಇವನು ಎಲ್ಲರಿಗಿಂತ ಮುಂದೆ ಹೊರಟಿದ್ದ.

3. ರೊಟ್ಟಿಯ ಅಂಚು ಒಡೆಯಲಿ.

ಜೋಳದ ಹಿಟ್ಟಿಗೆ ಗೋಧಿಯ ಜಿಗಿ ಇಲ್ಲ. ಎಸರು ಹೊಯ್ದು ನಾದದಿದ್ದರೆ ದೊಡ್ಡವರ ಕೈಯಲ್ಲೂ ಒಡೆಯುತ್ತದೆ. ಎಸರು ನಾವು ಹೊಯ್ಯೋಣ, ಆರಿದ ಮೇಲೆ ನೆಲ್ಲಿಕಾಯಿಯಷ್ಟು ಹಿಟ್ಟು ಮಗುವಿಗೆ ಕೊಡೋಣ. ಬಡಿದದ್ದು ಯಾವ ಆಕಾರವಾದರೂ ಬೇಯಿಸಿ ಅದಕ್ಕೇ ಬಡಿಸಿ. ನಾವು ದುಂಡಗೆ ಮಾಡಿಕೊಟ್ಟೆವೋ, ಮಗು ಎದ್ದು ಹೋಗುತ್ತದೆ.

4. ಒಲೆ, ಒಣ ಮೆಣಸಿನಕಾಯಿ ರಾಶಿ, ಮುಚ್ಚಳವಿಲ್ಲದ ನೀರಿನ ತೊಟ್ಟಿ: ಇಲ್ಲಿ ಯಾವ ಪಾಠವೂ ಇಲ್ಲ. ಎತ್ತಿಕೊಂಡು ಬನ್ನಿ.

5. ಒರೆಸುವ ಅರಿವಿಯನ್ನು ಮಗುವಿನ ಅಂಗೈ ಅಳತೆಗೆ ಹರಿದಿಡಿ.

ದೊಡ್ಡ ಅರಿವಿ ಕೊಟ್ಟರೆ ರಾಡಿ ಇನ್ನಷ್ಟು ಹರಡುತ್ತದೆ. ಚೂರು ಅರಿವಿಯಿಂದ ಒರೆಸಿ, ಹಿಂಡಿ, ಮತ್ತೆ ಒರೆಸುವುದು ಅವರಿಗೆ ಸುರಿಯುವಷ್ಟೇ ಖುಷಿ. ನನಗೆ ಇದು ತಿಳಿದದ್ದು ಹತ್ತು ವರ್ಷ ನಾನೇ ಒರೆಸಿದ ಮೇಲೆ.

6. ತಾಯಂದಿರೊಂದಿಗೆ ವಾದ ಬೇಡ.

ಲಕ್ಷ್ಮೇಶ್ವರದಿಂದ ನಮ್ಮೂರಿಗೆ ಬಂದ ಕುಟುಂಬ. ತಾಯಿ ಬಾಗಿಲಲ್ಲೇ ನಿಂತು, “ಅಕ್ಕಾರ, ಅಕ್ಷರ ಕಲೀಲಿ ಅಂತ ಕಳಿಸೀವಿ, ರಾಡಿ ಆಡಾಕಲ್ಲ” ಅಂದಳು. ನಾನು ಏನೂ ಹೇಳಲಿಲ್ಲ. ಆಕೆಯ ಮಗನ ಕೈಗೆ ಬಳಪ ಕೊಟ್ಟೆ. ಜೂನ್‌ನಲ್ಲಿ ಮುಷ್ಟಿ ಕಟ್ಟಿ ಹಿಡಿಯುತ್ತಿದ್ದವನು ಈಗ ಮೂರು ಬೆರಳಲ್ಲಿ ಹಿಡಿದು ಪಾಟಿಯ ಮೇಲೆ ಗೆರೆ ಎಳೆದ. ಆಕೆ ಅವನ ಉಗುರಿನ ಮಣ್ಣನ್ನೂ ನೋಡಿದಳು, ಗೆರೆಯನ್ನೂ ನೋಡಿದಳು.

ಮರುದಿನ ಅಪ್ಪನ ಹಳೇ ಅಂಗಿ ಹಿಂದುಮುಂದಾಗಿ ತೊಟ್ಟು ಬಂದ. ತೋಳು ಅವನ ಮೊಣಕಾಲಿನವರೆಗೆ ಜೋಲುತ್ತಿತ್ತು.