ರಾತ್ರಿ ಎರಡು ಗಂಟೆಯ ಹಸಿ ಹಿಟ್ಟು

ಪ್ರಶ್ನೆ: ಡಾಕ್ಟ್ರೇ, ಮಗಳಿಗೆ ಮೂರೂವರೆ ವರ್ಷ. ಗುಂಡು ಕೆನ್ನೆ, ದಪ್ಪ ಹೊಟ್ಟೆ. ಎಲ್ಲರೂ ಮುದ್ದಾಗಿದೆ ಅನ್ನುತ್ತಿದ್ದರು. ಒಂದು ದಿನ ಬೆಳಗಿನ ಜಾವ ಫಿಟ್ಸ್ ಬಂತು. ಗ್ಲೈಕೋಜನ್ ಸ್ಟೋರೇಜ್ ಕಾಯಿಲೆ, ‘ಒಂದು ಎ’ ಅಂತ ಗೊತ್ತಾಯಿತು. ನಾಲ್ಕು ಗಂಟೆಗೊಮ್ಮೆ ಕಾರ್ನ್‌ಫ್ಲೋರ್ ಕದಡಿ ಕುಡಿಸಲು ಹೇಳಿದ್ದಾರೆ. ಹಸಿ ಹಿಟ್ಟು ಹೊಟ್ಟೆ ಕೆಡಿಸುತ್ತದೆಂದು ನಮ್ಮತ್ತೆ ಗಂಜಿ ಕಾಯಿಸಿ ಕೊಡುತ್ತಿದ್ದಾರೆ. ನಡೆಯುತ್ತದೆಯೇ?
– ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ಬೇಡಮ್ಮ, ಇವತ್ತೇ ನಿಲ್ಲಿಸಿ. ಅತ್ತೆಯವರ ಮೇಲೆ ಸಿಟ್ಟಾಗಬೇಡಿ. ಬೇರೆ ಯಾವ ಮಗುವಿಗಾದರೂ ಅವರು ಮಾಡಿದ್ದೇ ಸರಿ. ಈ ಮಗುವಿಗೆ ಮಾತ್ರ ಆ ಹಿಟ್ಟೇ ಔಷಧ. ಒಲೆಯ ಮೇಲಿಟ್ಟರೆ ಅದರ ಗುಣ ಹೋಗುತ್ತದೆ.

ಉಂಡದ್ದರಲ್ಲಿ ಮಿಕ್ಕ ಸಕ್ಕರೆಯನ್ನು ಲಿವರ್ ಗ್ಲೈಕೋಜನ್ ಮಾಡಿ ಕೂಡಿಟ್ಟು, ಹೊಟ್ಟೆ ಖಾಲಿಯಾದಾಗ ಮತ್ತೆ ಗ್ಲೂಕೋಸ್ ಆಗಿ ರಕ್ತಕ್ಕೆ ಬಿಡುತ್ತದೆ. ನಿಮ್ಮ ಮಗಳಲ್ಲಿ ಕಣಜ ತುಂಬಿದೆ, ಬಾಗಿಲು ತೆಗೆಯುವ ಕೀಲಿ ಇಲ್ಲ. ಅದಕ್ಕೇ ಲಿವರ್ ಊದಿ ಹೊಟ್ಟೆ ಮುಂದೆ ಬಂದಿರುವುದು. ಆ ಕೀಲಿ ಗ್ಲೂಕೋಸ್-6-ಫಾಸ್ಫಟೇಸ್ ಎಂಬ ಕಿಣ್ವ ಎಂದು 1952ರಲ್ಲಿ ಅಮೆರಿಕದ ಗರ್ಟಿ ಕೋರಿ, ಕಾರ್ಲ್ ಕೋರಿ ದಂಪತಿ ತೋರಿಸಿಕೊಟ್ಟರು. ಎಪ್ಪತ್ತರ ದಶಕದಲ್ಲಿ ಇಂಥ ಮಕ್ಕಳ ಹೊಟ್ಟೆಗೆ ರಾತ್ರಿಯಿಡೀ ನಳಿಕೆಯಿಂದ ಗ್ಲೂಕೋಸ್ ಹನಿಸುವುದು ಶುರುವಾಯಿತು. ನಿದ್ದೆಯಲ್ಲಿ ನಳಿಕೆ ಕಳಚಿದರೆ ಜೀವಕ್ಕೇ ಅಪಾಯ. 1984ರಲ್ಲಿ ಚೆನ್ ಎಂಬ ವೈದ್ಯರು ಮತ್ತು ಸಂಗಡಿಗರು ಬೇಯಿಸದ ಮೆಕ್ಕೆಜೋಳದ ಪಿಷ್ಟ ಕೊಟ್ಟು ನೋಡಿದರು. ರಕ್ತದ ಸಕ್ಕರೆ ಗಂಟೆಗಟ್ಟಲೆ ಬೀಳದೆ ನಿಂತಿತು. ನಿಮ್ಮ ಅಡುಗೆಮನೆಗೆ ಬಂದಿರುವುದು ಆ ಸಂಶೋಧನೆಯೇ.

ಹಸಿ ಪಿಷ್ಟದ ಕಣ ಕರುಳಿನಲ್ಲಿ ನಿಧಾನವಾಗಿ ಕರಗುತ್ತದೆ. ಕಾಯಿಸಿದರೆ ಕಣ ಒಡೆದು ಅಂಟಾಗಿ, ಬೇಗ ಜೀರ್ಣವಾಗಿ, ಸಕ್ಕರೆ ಸರ್ರನೆ ಏರಿ ಅಷ್ಟೇ ಬೇಗ ಇಳಿಯುತ್ತದೆ. ಆದ್ದರಿಂದ ತಣ್ಣೀರಿನಲ್ಲೇ ಕದಡಿ. ಬಿಸಿ ಹಾಲು ಬೇಡ, ನಿಂಬೆರಸವೂ ಬೇಡ. ಚಮಚದ ಲೆಕ್ಕ ಬಿಟ್ಟು, ವೈದ್ಯರು ಹೇಳಿದಷ್ಟು ಗ್ರಾಂ ತೂಗಿ. ಹಿಟ್ಟು ಲೋಟದ ತಳಕ್ಕೆ ಕೂರುತ್ತದೆ. ತಳದಲ್ಲಿ ಉಳಿದದ್ದಕ್ಕೆ ಇನ್ನಷ್ಟು ನೀರು ಹಾಕಿ ಅಲ್ಲಾಡಿಸಿ ಅದನ್ನೂ ಕುಡಿಸಿ. ನಿಮ್ಮ ಕಡೆ ಹೊಲದ ತುಂಬ ಗೋವಿನಜೋಳ. ಗಿರಣಿಯಲ್ಲಿ ಬೀಸಿಸಿದ ಹಳದಿ ಹಿಟ್ಟು ಇದಕ್ಕೆ ಬರುವುದಿಲ್ಲ. ಬೇಕಾದದ್ದು ಅಂಗಡಿಯ ಬಿಳಿ ಕಾರ್ನ್‌ಫ್ಲೋರ್, ಬೆರಳಿನ ನಡುವೆ ತಿಕ್ಕಿದರೆ ಕಿರುಗುಟ್ಟುವಂಥದ್ದು.

ರಾತ್ರಿ ಎರಡು ಗಂಟೆಯ ಲೋಟ ಒಂದು ದಿನವೂ ತಪ್ಪಬಾರದು. ಎರಡು ಅಲಾರಾಂ ಇಡಿ, ಒಂದು ಮಗುವಿನ ಅಪ್ಪನ ದಿಂಬಿನ ಪಕ್ಕ. ವಾಂತಿಯಾಗಿ ಹಿಟ್ಟು ಹೊಟ್ಟೆಯಲ್ಲಿ ನಿಲ್ಲದಿದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ, ಡ್ರಿಪ್‌ನಲ್ಲಿ ಗ್ಲೂಕೋಸ್ ಹಾಕಬೇಕಾಗುತ್ತದೆ. ಕಾಯಿಲೆಯ ಹೆಸರು ಬರೆದ ಚೀಟಿ ಪರ್ಸಿನಲ್ಲಿರಲಿ.

ಪ್ರಶ್ನೆ: ನನ್ನ ಒಂಬತ್ತು ವರ್ಷದ ಮಗನಿಗೂ ಇದೇ ಕಾಯಿಲೆ. ಆಸ್ಪತ್ರೆಯವರು ಒಂದು ಅಧ್ಯಯನಕ್ಕೆ ಸೇರಿಸಿಕೊಳ್ಳುತ್ತೇವೆ ಅನ್ನುತ್ತಾರೆ. ಮಗುವಿನ ಮೇಲೆ ಪ್ರಯೋಗ ಮಾಡಿಸಬೇಡಿ ಎಂದು ನೆಂಟರು ಹೆದರಿಸುತ್ತಿದ್ದಾರೆ.
– ಒಬ್ಬ ತಂದೆ, ತುಮಕೂರು

ಉತ್ತರ: ಹೆದರಿಕೆ ಸಹಜ. ಏನು ಮಾಡುತ್ತಾರೆಂದು ಮೊದಲು ಕೇಳಿ. ದಾಖಲೆ ಬರೆದಿಟ್ಟು ರಕ್ತ ಪರೀಕ್ಷೆ ಮಾಡುವುದಷ್ಟೇ ಆದರೆ, ನನ್ನ ಮಗನಾಗಿದ್ದರೂ ಸೇರಿಸುತ್ತಿದ್ದೆ. ಸುಮಾರು ಲಕ್ಷಕ್ಕೊಬ್ಬರಿಗೆ ಬರುವ ಕಾಯಿಲೆಯಲ್ಲಿ ಒಂದೊಂದು ಮಗುವಿನ ಲೆಕ್ಕವೂ ಮುಖ್ಯ. ಉಪವಾಸವಿಟ್ಟು ಪರೀಕ್ಷೆ ಮಾಡುವುದಿದ್ದರೆ ಎಷ್ಟು ಗಂಟೆ, ಎಷ್ಟು ಹೊತ್ತಿಗೊಮ್ಮೆ ಸಕ್ಕರೆ ನೋಡುತ್ತಾರೆ, ಹಾಸಿಗೆಯ ಪಕ್ಕ ಯಾರಿರುತ್ತಾರೆ ಎಂದು ಬಿಡದೆ ಕೇಳಿ. ಈ ಮಕ್ಕಳಿಗೆ ಉಪವಾಸವೇ ಶತ್ರು.

ಹೊಸ ಔಷಧದ ಪ್ರಯೋಗವಾದರೆ ಅದು ದೇಶದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಪಟ್ಟಿಯಾದ ಸಿಟಿಆರ್‌ಐನಲ್ಲಿ ನೋಂದಣಿಯಾಗಿರಬೇಕು. 2009ರಿಂದ ಇದು ಕಡ್ಡಾಯ. ಆ ಸಂಖ್ಯೆ ಕೇಳುವುದು, ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಪಡೆದು ಮನೆಗೆ ತಂದು ಓದುವುದು ನಿಮ್ಮ ಹಕ್ಕು. ಪ್ರಯೋಗದಿಂದಲೇ ತೊಂದರೆಯಾದರೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ಚಿಕಿತ್ಸೆ, ಪರಿಹಾರ ಎರಡೂ ಸಿಗಬೇಕು. ಮಧ್ಯದಲ್ಲಿ ಬಿಟ್ಟು ಬಂದರೂ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಇನ್ನೊಂದು: ಏಳು ವರ್ಷ ದಾಟಿದ ಮಗುವಿನ ಬಾಯಿಂದಲೂ ಒಪ್ಪಿಗೆ ಕೇಳಬೇಕು. ಸೂಜಿ ಚುಚ್ಚಿಸಿಕೊಳ್ಳುವವನು ಅವನು. ಅವನು ಬೇಡವೆಂದರೆ ಗದರಿಸಿ ಹೂಂ ಅನ್ನಿಸಬೇಡಿ.

ಪ್ರಶ್ನೆ: ನಾನು ಸೋದರಮಾವನನ್ನೇ ಮದುವೆಯಾದವಳು. ನನ್ನ ಮಗುವಿಗೂ ಇದೇ ಕಾಯಿಲೆ. ಹೀಗಾಗಿದ್ದು ನನ್ನಿಂದಲೇ ಅನ್ನುತ್ತಾರೆ. ಎರಡನೇ ಮಗು ಬೇಕು, ಭಯವಾಗುತ್ತದೆ.
– ಕೋಲಾರ

ಉತ್ತರ: ನಿಮ್ಮೊಬ್ಬರಿಂದ ಅಲ್ಲ ತಾಯಿ. ದೋಷವಿರುವ ಜೀನ್ ಇಬ್ಬರಿಂದಲೂ ಬಂದರೆ ಮಾತ್ರ ಕಾಯಿಲೆ. ಹತ್ತಿರದ ರಕ್ತಸಂಬಂಧದಲ್ಲಿ ಆ ಸಂಭವ ಹೆಚ್ಚು, ನಿಜ. ಆದರೆ ಹೊರಗಿನ ಸಂಬಂಧದಲ್ಲೂ ಹೀಗಾಗುತ್ತದೆ. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಮೊದಲ ಮಗುವಿನ ಜೀನ್ ವರದಿ ಕೈಯಲ್ಲಿದ್ದರೆ, ಬಸಿರಾದ ಹನ್ನೊಂದನೇ ವಾರದ ಸುಮಾರಿಗೇ ಪರೀಕ್ಷೆ ಮಾಡಿ ತಿಳಿಯಬಹುದು. ಆ ವರದಿ ಇನ್ನೂ ಆಗಿಲ್ಲದಿದ್ದರೆ ಬಸಿರಾಗುವ ಮೊದಲೇ ಮಾಡಿಸಿ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಗುರುತಿಸಿದ ಕೇಂದ್ರಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಒಂದು. ಹೋಗುವಾಗ ಯಜಮಾನರನ್ನೂ ಕರೆದುಕೊಂಡು ಹೋಗಿ, ಇಬ್ಬರ ರಕ್ತವೂ ಬೇಕು.