ಕದ್ರಿ ಲೋಕೇಶ್ವರನ ಗುರುತು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಭಕ್ತಾದಿಗಳು ಧರ್ಮಸ್ಥಳಕ್ಕೆ ಹೋದಾಗ ಮಂಗಳೂರಿನ ಕದ್ರಿ ಮಂಜುನಾಥನ ದರ್ಶನವನ್ನೂ ಮಾಡಿ ಬರುವುದುಂಟು. ಅಲ್ಲಿಯ ಕಂಚಿನ ಲೋಕೇಶ್ವರನ ಮುಂದೆ ತುಸು ನಿಲ್ಲಬೇಕು. ಮೂರು ಮುಖ, ಆರು ಕೈ ಕಂಡು ‘ಇವ ಬ್ರಹ್ಮದೇವ’ ಅಂತ ಕೈಮುಗಿದು ಹೋಗಬಾರದು. ಕಿರೀಟ ನೋಡಿರಿ: ಧ್ಯಾನಕ್ಕೆ ಕುಳಿತ ಪುಟ್ಟ ಬುದ್ಧ ಕಾಣುತ್ತಾನೆ. ಅದೇ ಗುರುತು. ಈತ ಬೌದ್ಧರ ಕರುಣಾಮೂರ್ತಿ ಅವಲೋಕಿತೇಶ್ವರ. ಕ್ರಿ.ಶ. 968ರಲ್ಲಿ ಆಳುಪ ಅರಸ ಕುಂದವರ್ಮನು ಪ್ರತಿಷ್ಠಾಪಿಸಿದನೆಂದು ಪೀಠದ ಶಾಸನ ಹೇಳುತ್ತದೆ.

ಇಂಥ ಮೂರ್ತಿಯನ್ನು ಮೊದಲು ಮೇಣದಲ್ಲಿ ತಿದ್ದಿ, ಮೇಲೆ ಮಣ್ಣು ಮೆತ್ತಿ ಕಾಸುತ್ತಾರೆ. ಮೇಣ ಹರಿದುಹೋದ ಜಾಗಕ್ಕೆ ಕರಗಿಸಿದ ಕಂಚು ಹೊಯ್ಯುತ್ತಾರೆ. ಅಚ್ಚು ಒಡೆದೇ ಮೂರ್ತಿ ತೆಗೆಯಬೇಕು. ಹೀಗಾಗಿ ಅಂಥಾದ್ದು ಇನ್ನೊಂದಿಲ್ಲ. ದೇವರಾರೆಂದು ತಿಳಿದು ನಮಿಸುವುದೇ ದರ್ಶನದ ಫಲ.